ಶಿಶುಪಾಲನೆಯ ವೆಚ್ಚ: ಭಾರತದ ಶಾಸನಗಳಲ್ಲಿ ತಲೆಯೆಣಿಕೆಯ ಇತಿಹಾಸ

ದುಡಿಮೆಗೆ ಹೋದ ತಾಯಿಯ ಕೂಸನ್ನು ಹಗಲೆಲ್ಲ ನೋಡಿಕೊಳ್ಳುವವರು ಯಾರು, ಅದರ ವೆಚ್ಚವನ್ನು ಹೊರುವವರು ಯಾರು ಎಂಬ ಪ್ರಶ್ನೆಯನ್ನು ನಮ್ಮ ಆರ್ಥಿಕ ಇತಿಹಾಸಕಾರರು ಬಹುಮಟ್ಟಿಗೆ ಮನೆಯೊಳಗಿನ ವಿಷಯವೆಂದು ಬದಿಗಿರಿಸಿದ್ದಾರೆ. ಕೂಲಿಯ ದರ, ಕೆಲಸದ ಅವಧಿ, ಮುಷ್ಕರ, ಕಾರ್ಮಿಕ ಸಂಘ ಇವುಗಳಿಗೆ ದೊರೆತಷ್ಟು ಗಮನ ತೊಟ್ಟಿಲಿಗೆ ದೊರೆತಿಲ್ಲ. ಆದರೆ ಮಗುವನ್ನು ಅಜ್ಜಿ ನೋಡಿಕೊಂಡರೂ ಆಯಾ ನೋಡಿಕೊಂಡರೂ ಅದಕ್ಕೊಂದು ಬೆಲೆಯುಂಟು. ತಮ್ಮನನ್ನು ಸೊಂಟದ ಮೇಲೆ ಎತ್ತಿಕೊಂಡು ಶಾಲೆ ಬಿಟ್ಟು ನಿಂತ ಹತ್ತು ವರ್ಷದ ಹುಡುಗಿ ಆ ಬೆಲೆಯನ್ನು ತನ್ನ ಓದಿನಿಂದ ತೆರುತ್ತಾಳೆ. ಈ ವೆಚ್ಚವನ್ನು ಭಾರತದ ಶಾಸನಗಳು ಯಾರ ಲೆಕ್ಕಕ್ಕೆ ಬರೆದವು, ಬರೆಯುವಾಗ ಯಾರ ತಲೆಯನ್ನು ಎಣಿಸಿದವು ಎಂಬುದೇ ಇಲ್ಲಿ ನಮ್ಮ ಪರಿಶೀಲನೆಯ ವಿಷಯ.

ಮುಂಬಯಿಯ ಹತ್ತಿಗಿರಣಿಗಳಲ್ಲಿ ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಕೆಲಸಕ್ಕೆ ಸೇರಿದ ಕಾಲದಲ್ಲಿ, ತಾಯಿ ಹಿಂದಿರುಗುವವರೆಗೆ ಮಗು ಅಳದೆ ಮಲಗಿರಲೆಂದು ಅಫೀಮು ತಿನ್ನಿಸುವ ಪದ್ಧತಿ ಬೆಳೆಯಿತು. ಇದಕ್ಕೆ ‘ಬಾಲಗೋಲಿ’ ಎಂಬ ಗುಳಿಗೆಗಳೇ ಅಂಗಡಿಯಲ್ಲಿ ದೊರೆಯುತ್ತಿದ್ದವು. ೧೯೨೯ರಲ್ಲಿ ನೇಮಕಗೊಂಡು ೧೯೩೧ರಲ್ಲಿ ವರದಿ ಒಪ್ಪಿಸಿದ, ವಿಟ್ಲಿಯವರ ಅಧ್ಯಕ್ಷತೆಯ ರಾಯಲ್ ಕಾರ್ಮಿಕ ಆಯೋಗವು ಈ ಪದ್ಧತಿಯನ್ನು ಗಮನಿಸಿ, ಹೆಂಗಸರು ಹೆಚ್ಚಾಗಿರುವ ಕಾರ್ಖಾನೆಗಳಲ್ಲಿ ಶಿಶುವಿಹಾರಗಳು ಇರಬೇಕೆಂದು ಸಲಹೆ ಮಾಡಿತು. ಅಫೀಮಿನ ಗುಳಿಗೆಯೇ ನಮ್ಮ ಕೈಗಾರಿಕಾ ನಗರಗಳ ಮೊದಲ ಶಿಶುಪಾಲನಾ ವೆಚ್ಚವೆಂದರೆ ಅತಿಶಯೋಕ್ತಿಯಾಗಲಾರದು. ಅದು ಅಗ್ಗವಾಗಿತ್ತು, ಮತ್ತು ಅದನ್ನು ತಾಯಿಯೇ ತನ್ನ ಕೂಲಿಯಿಂದ ಕೊಡುತ್ತಿದ್ದಳು. ೧೯೩೪ರ ಕಾರ್ಖಾನೆಗಳ ಶಾಸನವು ಪ್ರಾಂತ ಸರ್ಕಾರಗಳಿಗೆ ಒಂದು ಅಧಿಕಾರವನ್ನು ಕೊಟ್ಟಿತು: ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಗಳಲ್ಲಿ ಅವರ ಆರು ವರ್ಷದೊಳಗಿನ ಮಕ್ಕಳಿಗಾಗಿ ಒಂದು ಕೋಣೆಯನ್ನು ಮೀಸಲಿಡುವಂತೆ ನಿಯಮ ಮಾಡಬಹುದು. ಮಾಡಲೇಬೇಕೆಂದಿರಲಿಲ್ಲ. ‘ಐವತ್ತು’ ಎಂಬ ಅಂಕಿ ನಮ್ಮ ಶಾಸನಗಳನ್ನು ಹೊಕ್ಕದ್ದು ಹೀಗೆ.

ಸ್ವಾತಂತ್ರ್ಯಾನಂತರದ ೧೯೪೮ರ ಕಾರ್ಖಾನೆಗಳ ಅಧಿನಿಯಮವು ತನ್ನ ೪೮ನೆಯ ಪ್ರಕರಣದಲ್ಲಿ ಇದನ್ನು ಕಡ್ಡಾಯಗೊಳಿಸಿತು. ಗಾಳಿ ಬೆಳಕುಗಳುಳ್ಳ ಕೋಣೆ, ಮಕ್ಕಳ ಪಾಲನೆಯಲ್ಲಿ ಶಿಕ್ಷಣ ಪಡೆದ ಹೆಂಗಸಿನ ಮೇಲ್ವಿಚಾರಣೆ, ಸರ್ಕಾರವು ನಿಯಮಿಸಿದರೆ ಉಚಿತವಾಗಿ ಹಾಲು ಅಥವಾ ಉಪಾಹಾರ, ತಾಯಂದಿರು ನಡುನಡುವೆ ಬಂದು ಮೊಲೆಯೂಡಿಸಲು ಅವಕಾಶ ಇವೆಲ್ಲ ಅದರಲ್ಲಿ ಸೇರಿದ್ದವು. ಬರೆಹದ ಮಟ್ಟಿಗೆ ಉದಾರವಾದ ಪ್ರಕರಣವಿದು. ಆದರೆ ವೆಚ್ಚವೆಲ್ಲ ಆಯಾ ಮಾಲೀಕನದೇ. ಸರ್ಕಾರದ ಪಾಲು ಇದರಲ್ಲಿ ಏನೂ ಇರಲಿಲ್ಲ. ಎಣಿಕೆಯೂ ಹೆಂಗಸರ ತಲೆಯೆಣಿಕೆಯೇ. ಐವತ್ತು ಮಂದಿ ಹೆಂಗಸರಿರುವವರೆಗೆ ಮಾಲೀಕನಿಗೆ ತೊಟ್ಟಿಲಿನ ಖರ್ಚಿಲ್ಲ. ಐವತ್ತೊಂದನೆಯವಳು ಬಾಗಿಲಿಗೆ ಬಂದ ದಿನ ಕೋಣೆ, ಆಯಾ, ಹಾಲು ಎಲ್ಲವೂ ಬರಬೇಕು. ಹಾಗಾದರೆ ಆ ಐವತ್ತೊಂದನೆಯವಳಿಗೆ ಕೆಲಸ ದೊರೆಯುವ ಸಂಭವ ಎಷ್ಟು?

ಇಲ್ಲಿ ಒಂದು ಹೋಲಿಕೆಯನ್ನು ಗಮನಿಸದೆ ಮುಂದೆ ಹೋಗುವಂತಿಲ್ಲ. ಅದೇ ೧೯೪೮ನೆಯ ವರ್ಷದಲ್ಲಿ ಕಾರ್ಮಿಕರ ರಾಜ್ಯ ವಿಮಾ ಅಧಿನಿಯಮವೂ ಜಾರಿಗೆ ಬಂದಿತು. ಅದರಲ್ಲಿ ಹೆರಿಗೆಯ ಕಾಲದ ಭತ್ಯವು ಸೇರಿದೆ. ಆದರೆ ಆ ಭತ್ಯಕ್ಕೆ ಬೇಕಾದ ಹಣ ಬರುವುದು ಗಂಡು ಹೆಣ್ಣೆಂಬ ಭೇದವಿಲ್ಲದೆ ಕೂಲಿಯ ಮೊತ್ತದ ಮೇಲೆ ವಸೂಲಾಗುವ ವಂತಿಗೆಯಿಂದ. ಹೆಂಗಸರನ್ನು ಹೆಚ್ಚು ಸೇರಿಸಿಕೊಂಡ ಮಾಲೀಕನಿಗೆ ಈ ಕಾರಣದಿಂದ ಹೆಚ್ಚಿನ ಹೊರೆ ಬೀಳುವುದಿಲ್ಲ. ಹೆರಿಗೆಯ ವೆಚ್ಚವನ್ನು ಸಮುದಾಯದ ಮೇಲೆ ಹಂಚುವ ಉಪಾಯವು ಶಾಸನಕರ್ತರಿಗೆ ತಿಳಿದಿತ್ತು. ಆದರೂ ಹುಟ್ಟಿದ ಮಗುವಿನ ಮುಂದಿನ ಆರು ವರ್ಷಗಳ ವೆಚ್ಚವನ್ನು ಅವರು ಅದೇ ರೀತಿಯಲ್ಲಿ ಹಂಚಲಿಲ್ಲ. ಒಂದೇ ವರ್ಷದ ಈ ಎರಡು ಶಾಸನಗಳ ನಡುವಣ ಅಂತರವೇ ಮುಂದಿನ ಅನೇಕ ತೊಡಕುಗಳ ಮೂಲವೆಂಬುದು ನಮ್ಮ ಅಭಿಪ್ರಾಯ.

ಮುಂದಿನ ಶಾಸನಗಳು ಇದೇ ಅಚ್ಚಿನಲ್ಲಿ ಹೊರಬಂದವು. ೧೯೬೬ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಅಧಿನಿಯಮವೂ, ೧೯೯೬ರ ಕಟ್ಟಡ ಕಾರ್ಮಿಕರ ಅಧಿನಿಯಮವೂ ಐವತ್ತಕ್ಕಿಂತ ಹೆಚ್ಚು ಹೆಂಗಸರೆಂಬ ಗೆರೆಯನ್ನೇ ಎಳೆದವು. ಕಾರ್ಖಾನೆಗಳಿಗೆ ಈ ಗೆರೆಯನ್ನು ೧೯೭೬ರ ತಿದ್ದುಪಡಿಯು ಮೂವತ್ತಕ್ಕೆ ಇಳಿಸಿತು. ಬೀಡಿಯ ವಿಷಯದಲ್ಲಂತೂ ಶಾಸನವು ಗುರಿಯನ್ನು ಮುಟ್ಟಲೇ ಇಲ್ಲವೆನ್ನಬೇಕು. ದಕ್ಷಿಣ ಕನ್ನಡದಲ್ಲಿ ಬೀಡಿ ಕಟ್ಟುವ ಕೆಲಸ ನಡೆಯುವುದು ಬಹುತೇಕ ಮನೆಯ ಜಗಲಿಯ ಮೇಲೆ. ಶಿಶುವಿಹಾರದ ಪ್ರಕರಣವು ಹೇಳುವುದು ಕೈಗಾರಿಕಾ ಆವರಣದ ಮಾತನ್ನು. ಮೊರದಲ್ಲಿ ಎಲೆ ತಂಬಾಕು ಇಟ್ಟುಕೊಂಡು, ಕಾಲಿನಿಂದ ತೊಟ್ಟಿಲು ತೂಗುತ್ತ ಬೀಡಿ ಕಟ್ಟುವ ತಾಯಿಯ ಜಗಲಿ ಆ ಮಾತಿನ ವ್ಯಾಪ್ತಿಗೆ ಬರುವುದಿಲ್ಲ.

ಅಪವಾದಗಳೂ ಇವೆ. ಗಣಿಗಳ ಶಿಶುವಿಹಾರ ನಿಯಮಗಳು ಸಂಖ್ಯೆಯ ಗೆರೆ ಎಳೆಯದೆ, ಹೆಂಗಸರು ದುಡಿಯುವ ಗಣಿಗಳೆಲ್ಲಕ್ಕೂ ಅನ್ವಯಿಸುವಂತೆ ರಚಿತವಾದವು. ತೋಟಗಾರಿಕಾ ಕಾರ್ಮಿಕರ ೧೯೫೧ರ ಅಧಿನಿಯಮವು ಮೊದಲು ಐವತ್ತು ಹೆಂಗಸರ ಲೆಕ್ಕವನ್ನೇ ಹಿಡಿದಿದ್ದರೂ, ೧೯೮೧ರ ತಿದ್ದುಪಡಿಯು ಒಂದು ಹೊಸ ಮಾತನ್ನು ಸೇರಿಸಿತು: ಹೆಂಗಸರು ಐವತ್ತಿದ್ದರೆ, ಇಲ್ಲವೆ ಅವರ ಮಕ್ಕಳು ಇಪ್ಪತ್ತಿದ್ದರೆ. ಗುತ್ತಿಗೆದಾರನ ಮೂಲಕ ಬಂದ ಹೆಂಗಸರೂ ಈ ಎಣಿಕೆಗೆ ಸೇರಿದರು. ಶಿಶುವಿಹಾರದ ಶಾಸನದಲ್ಲಿ ಶಿಶುವಿನ ತಲೆಯನ್ನು ಎಣಿಸಬಹುದೆಂಬ ಸರಳವಾದ ವಿಚಾರಕ್ಕೆ ಇಷ್ಟು ಕಾಲ ಹಿಡಿಯಿತು!

ಸರ್ಕಾರದ ನೇರ ಸಹಾಯಧನದ ಕಥೆ ಬೇರೊಂದು ದಾರಿಯಲ್ಲಿ ಸಾಗಿತು. ೧೯೫೩ರಲ್ಲಿ ದುರ್ಗಾಬಾಯಿ ದೇಶಮುಖರ ಅಧ್ಯಕ್ಷತೆಯಲ್ಲಿ ಸ್ಥಾಪಿತವಾದ ಕೇಂದ್ರ ಸಮಾಜ ಕಲ್ಯಾಣ ಮಂಡಲಿಯು ಸ್ವಯಂಸೇವಾ ಸಂಸ್ಥೆಗಳಿಗೆ ಹಣ ನೀಡಿ ಬಾಲವಾಡಿಗಳನ್ನು ಬೆಳೆಸಿತು. ೧೯೭೫ರ ಅಕ್ಟೋಬರ್ ೨ರಂದು ಮೂವತ್ಮೂರು ಕಡೆ ಪ್ರಾಯೋಗಿಕವಾಗಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಲ್ಲಿ ನಮ್ಮ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೂ ಒಂದು. ಅಲ್ಲಿ ನೂರು ಅಂಗನವಾಡಿಗಳು ತೆರೆದವು. ಯೋಜನೆಯು ಮುಂದೆ ದೇಶವ್ಯಾಪಿಯಾದುದು ಸರ್ವವಿದಿತ. ಆದರೆ ಅಂಗನವಾಡಿಯನ್ನು ಶಿಶುವಿಹಾರವೆಂದು ಭಾವಿಸುವುದು ಸರಿಯಲ್ಲ. ಅದರ ಮುಖ್ಯ ಗುರಿ ಪೌಷ್ಟಿಕ ಆಹಾರ, ಲಸಿಕೆ, ಶಾಲಾಪೂರ್ವ ಶಿಕ್ಷಣ. ಮಕ್ಕಳು ಅಲ್ಲಿರುವುದು ಬಹುಮಟ್ಟಿಗೆ ಮೂರರಿಂದ ಆರು ವರ್ಷದವರು, ಅದೂ ದಿನದ ಕೆಲವೇ ಗಂಟೆ. ನಾಟಿಗೆ ಹೋದ ತಾಯಿ ಹಿಂದಿರುಗುವುದು ಸಂಜೆಗೆ.

ಇನ್ನೊಂದು ಸಂಗತಿಯೂ ಉಂಟು. ಅಂಗನವಾಡಿಯ ಕಾರ್ಯಕರ್ತೆಯನ್ನು ಯೋಜನೆಯು ಮೊದಲಿನಿಂದಲೂ ಗೌರವಸೇವಕಿಯೆಂದೇ ಕರೆದು, ಸಂಬಳದ ಬದಲು ಗೌರವಧನ ಕೊಡುತ್ತ ಬಂದಿದೆ. ಕರ್ನಾಟಕ ಸರ್ಕಾರದ ಮೇಲ್ಮನವಿಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೦೬ರಲ್ಲಿ ಆಕೆಯ ಹುದ್ದೆಯು ಸರ್ಕಾರಿ ನಾಗರಿಕ ಹುದ್ದೆಯಲ್ಲವೆಂದು ತೀರ್ಮಾನಿಸಿತು. ಗುಜರಾತಿನ ಪ್ರಕರಣವೊಂದರಲ್ಲಿ ೨೦೨೨ರಲ್ಲಿ ಆಕೆ ಉಪದಾನಕ್ಕೆ, ಅಂದರೆ ಗ್ರ್ಯಾಚುಯಿಟಿಗೆ, ಅರ್ಹಳೆಂದಿತು. ಊರಿನ ಮಕ್ಕಳಿಗೆ ಸಲ್ಲುವ ಸಹಾಯಧನದ ಒಂದು ಭಾಗವನ್ನು ಖಜಾನೆಯಲ್ಲ, ಈ ಹೆಂಗಸಿನ ಕಡಮೆ ಸಂಭಾವನೆಯೇ ಭರಿಸುತ್ತಿದೆಯೆಂದು ನಾವು ಭಾವಿಸುತ್ತೇವೆ.

ದಿನವಿಡೀ ತೆರೆದಿರುವ ಶಿಶುವಿಹಾರಗಳಿಗೆ ಕೇಂದ್ರದ ನೆರವು ೧೯೭೦ರ ದಶಕದ ನಡುವಿನಿಂದ ದೊರೆಯತೊಡಗಿತು. ೨೦೦೬ರಲ್ಲಿ ರಾಜೀವ್ ಗಾಂಧಿಯವರ ಹೆಸರನ್ನು ಹೊತ್ತು, ೨೦೧೭ರಲ್ಲಿ ರಾಷ್ಟ್ರೀಯ ಶಿಶುವಿಹಾರ ಯೋಜನೆಯಾಗಿ, ೨೦೨೨ರಲ್ಲಿ ‘ಪಾಲನಾ’ ಎಂಬುದಾಗಿ ಅದು ರೂಪಾಂತರ ಹೊಂದಿತು. ೨೦೧೭ರ ಯೋಜನೆಯು ಪಾಲಕರಿಂದ ವಸೂಲು ಮಾಡಲು ಗೊತ್ತುಪಡಿಸಿದ ಶುಲ್ಕ ಹೀಗಿತ್ತು: ಬಡತನದ ರೇಖೆಯ ಕೆಳಗಿನವರಿಗೆ ಮಗುವೊಂದಕ್ಕೆ ತಿಂಗಳಿಗೆ ೨೦ ರೂಪಾಯಿ; ತಂದೆತಾಯಿಗಳ ಆದಾಯ ೧೨,೦೦೦ ರೂಪಾಯಿವರೆಗೆ ಇದ್ದರೆ ೧೦೦; ಅದನ್ನು ಮೀರಿದರೆ ೨೦೦. ಅತ್ಯಧಿಕ ದರವೂ ೧೨,೦೦೦ ರೂಪಾಯಿಯ ಶೇಕಡ ಎರಡಕ್ಕಿಂತ ಕಡಮೆ. ಆದುದರಿಂದ ಬಡ ಕುಟುಂಬಕ್ಕೆ ಅಡ್ಡಿಯಾದುದು ಈ ಶುಲ್ಕವಲ್ಲ, ಸಮೀಪದಲ್ಲಿ ಅಂಥ ಮನೆಯೇ ಇಲ್ಲದಿರುವುದು. ವೆಚ್ಚವನ್ನು ಕುರಿತ ಚರ್ಚೆಗಳು ದರಪಟ್ಟಿಯಲ್ಲಿಯೇ ನಿಂತುಬಿಡುವುದು ಸಾಮಾನ್ಯ. ಸಿಗದ ವಸ್ತುವಿನ ಬೆಲೆ ಎಷ್ಟು ಅಗ್ಗವಾದರೇನು?

ಬಹುಭಾಷಾ ದೇಶದಲ್ಲಿ ಈ ಪ್ರಶ್ನೆಗೆ ಮತ್ತೊಂದು ಮುಖವಿದೆ. ೧೯೫೬ರಲ್ಲಿ ಸಂವಿಧಾನಕ್ಕೆ ಸೇರಿದ ೩೫೦ ಎ ಅನುಚ್ಛೇದವು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಶಿಕ್ಷಣದ ಸೌಲಭ್ಯ ಒದಗಿಸಲು ಪ್ರಯತ್ನಿಸಬೇಕೆಂದು ಹೇಳುವುದು ಪ್ರಾಥಮಿಕ ಹಂತಕ್ಕೆ ಮಾತ್ರ. ಮಾತು ಕಲಿಯುವುದು ಅದಕ್ಕೂ ಮುಂಚೆ. ನಾವು ನೋಡಿದ ಶಾಸನಗಳು ಕೋಣೆಯ ಗಾಳಿಬೆಳಕನ್ನೂ ಹಾಲನ್ನೂ ಹೇಳಿದವು, ಆಯಾ ಆಡುವ ಭಾಷೆಯನ್ನು ಹೇಳಲಿಲ್ಲ. ಕೋಲಾರದ ಚಿನ್ನದ ಗಣಿಗಳಲ್ಲಿ ತಮಿಳು ತೆಲುಗುಗಳ ಮನೆಗಳು ಹೆಚ್ಚಾಗಿದ್ದವು. ಕೊಡಗು, ಚಿಕ್ಕಮಗಳೂರುಗಳ ತೋಟದ ಲೈನುಗಳಲ್ಲಿ ತುಳು, ತಮಿಳು, ಮಲಯಾಳಗಳು ಅಕ್ಕಪಕ್ಕದಲ್ಲಿವೆ. ಬೆಂಗಳೂರಿನ ಕಟ್ಟಡಗಳ ಬುಡದಲ್ಲಿ ಇಂದು ಒಡಿಯ, ಬಂಗಾಳಿ, ಹಿಂದಿ ಆಡುವ ಕೂಸುಗಳಿವೆ. ಅಂಗನವಾಡಿಗೆ ಊರಿನ ಹೆಂಗಸನ್ನೇ ಆರಿಸಬೇಕೆಂಬ ಕ್ರಮವು ನೆಲೆನಿಂತ ಹಳ್ಳಿಯಲ್ಲಿ ಈ ತೊಡಕನ್ನು ಸದ್ದಿಲ್ಲದೆ ಬಿಡಿಸಿತು. ವಲಸೆ ಬಂದ ಕುಟುಂಬಕ್ಕೆ ಅದು ನೆರವಾಗದು. ಅಂಥವರಿಗೆ ಊರೆಂಬುದು ಕಟ್ಟಡ ಮುಗಿಯುವವರೆಗೆ ಮಾತ್ರ. ೧೯೬೯ರಲ್ಲಿ ಮೀರಾ ಮಹಾದೇವನ್ ಅವರು ದೆಹಲಿಯ ಕಟ್ಟಡ ಕೆಲಸದ ಸ್ಥಳದಲ್ಲಿ ಆರಂಭಿಸಿದ ‘ಮೊಬೈಲ್ ಕ್ರೆಷ್’ ಈ ಕಾರಣದಿಂದ ಮುಖ್ಯವಾದುದು: ಕೆಲಸ ಎಲ್ಲಿಗೆ ಹೋದರೆ ಶಿಶುವಿಹಾರವೂ ಅಲ್ಲಿಗೆ.

ಹೆಸರುಗಳ ವಿಷಯವಾಗಿ ಒಂದು ಮಾತು. ಬಾಲವಾಡಿ, ಅಂಗನವಾಡಿ ಎಂಬ ಪದಗಳು ನಮಗೆ ಬಂದುದು ಗುಜರಾತಿ ಮರಾಠಿಗಳ ಕಡೆಯಿಂದ. ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಅವರು ೧೯೪೫ರಿಂದ ಬೋರ್ಡಿಯಲ್ಲಿಯೂ ಮುಂದೆ ಕೋಸಬಾಡದಲ್ಲಿಯೂ ನಡೆಸಿದ ಪ್ರಯೋಗಗಳು ಅವುಗಳ ಹಿಂದಿವೆ. ನಮ್ಮ ‘ಅಂಗಳ’ ಅಲ್ಲಿಯ ‘ಅಂಗನ’ಕ್ಕೆ ಹತ್ತಿರದ ನಂಟನಾದುದರಿಂದ ಪದವು ಹಳ್ಳಿಯ ಬಾಯಿಗೆ ತೊಡಕಿಲ್ಲದೆ ಹತ್ತಿತು. ಕಾನೂನಿನ ‘ಕ್ರೆಷ್’ ಮಾತ್ರ ಹಾಗೆ ಹತ್ತಲಿಲ್ಲ.

ತಲೆಯೆಣಿಕೆಯಲ್ಲಿ ನಿಜವಾದ ಬದಲಾವಣೆ ಬಂದುದು ೨೦೧೭ರಲ್ಲಿ. ಆ ವರ್ಷದ ಹೆರಿಗೆ ಸೌಲಭ್ಯ ತಿದ್ದುಪಡಿ ಅಧಿನಿಯಮವು ಐವತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಶಿಶುವಿಹಾರ ಒದಗಿಸಬೇಕೆಂದೂ, ತಾಯಿಗೆ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಲು ಅವಕಾಶವಿರಬೇಕೆಂದೂ ವಿಧಿಸಿತು. ಇಲ್ಲಿ ‘ನೌಕರರು’ ಎಂದರೆ ಗಂಡಸರೂ ಹೆಂಗಸರೂ ಸೇರಿ. ಐವತ್ತೊಂದನೆಯ ಹೆಂಗಸಿನ ಮೇಲೆ ಎಪ್ಪತ್ತು ವರ್ಷ ಕೂತಿದ್ದ ಬೆಲೆಪಟ್ಟಿ ಆಗ ಕಳಚಿತು. ಹಳೆಯ ಕಾರ್ಮಿಕ ಶಾಸನಗಳನ್ನು ಒಗ್ಗೂಡಿಸಿದ ೨೦೨೦ರ ಸಾಮಾಜಿಕ ಭದ್ರತಾ ಸಂಹಿತೆಯು ಇದೇ ಎಣಿಕೆಯನ್ನು ಉಳಿಸಿಕೊಂಡು, ಸರ್ಕಾರದ ಅಥವಾ ನಗರಸಭೆಯ ಸಾಮಾನ್ಯ ಶಿಶುವಿಹಾರವನ್ನು ಬಳಸಿಕೊಳ್ಳಲೂ ಎಡೆಗೊಟ್ಟಿತು. ಅದು ೨೦೨೫ರ ನವೆಂಬರಿನಲ್ಲಿ ಜಾರಿಗೆ ಬಂದಿದೆ. ಆದರೂ ಹಣ ಕೊಡಬೇಕಾದವನು ಪ್ರಧಾನವಾಗಿ ಆಯಾ ಮಾಲೀಕನೇ. ನಲವತ್ತು ಮಂದಿಯ ಗಾರ್ಮೆಂಟ್ಸ್ ಶೆಡ್ಡು, ಬೀಡಿಯ ಜಗಲಿ, ಮನೆಗೆಲಸದವಳ ಗುಡಿಸಲು ಈ ಲೆಕ್ಕದ ಹೊರಗೆ.

ಹೊರಗುಳಿದವರಿಗೆ ದಾರಿ ತೋರಿದ್ದು ಬೇರೊಂದು ಶಾಸನ. ೨೦೦೫ರ ಗ್ರಾಮೀಣ ಉದ್ಯೋಗ ಖಾತರಿ ಅಧಿನಿಯಮದ ಅನುಸೂಚಿಯು, ಕೆಲಸದ ಸ್ಥಳಕ್ಕೆ ಬಂದ ಆರು ವರ್ಷದೊಳಗಿನ ಮಕ್ಕಳು ಐದೋ ಹೆಚ್ಚೋ ಇದ್ದರೆ, ಹೆಂಗಸರಲ್ಲಿಯೇ ಒಬ್ಬಳನ್ನು ಅವರನ್ನು ನೋಡಿಕೊಳ್ಳಲು ನೇಮಿಸಿ, ಆಕೆಗೂ ಕೂಲಿ ಕೊಡಬೇಕೆಂದಿತು. ಮಗುವನ್ನು ನೋಡಿಕೊಳ್ಳುವುದು ಮಣ್ಣು ಹೊರುವುದಕ್ಕೆ ಸಮನಾದ ಕೆಲಸವೆಂದು ಶಾಸನವು ಇಲ್ಲಿ ಅಂಗೀಕರಿಸಿತು. ಇದೇ ಜಾಡಿನಲ್ಲಿ ಕರ್ನಾಟಕವು ೨೦೨೩–೨೪ರ ಆಯವ್ಯಯದಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ಶಿಶುಪಾಲನಾ ಕೇಂದ್ರಗಳನ್ನು ಸಾರಿ, ಅವುಗಳಿಗೆ ‘ಕೂಸಿನ ಮನೆ’ ಎಂದು ಹೆಸರಿಟ್ಟಿತು.