ಟೇಪಿನ ವಯಸ್ಸು

ನಮ್ಮ ಬಳಗದ ಕಿರಿಯ ಗೆಳೆಯರೊಬ್ಬರು ಕಳೆದ ಕೂಟಕ್ಕೆ ಬರುವಾಗ ಗಿಟಾರಿನೊಡನೆ ಅಂಗೈಯಗಲದ ಲೋಹದ ಪೆಟ್ಟಿಗೆಯೊಂದನ್ನು ತಂದಿದ್ದರು. ಕಾಲಿನಿಂದ ಒತ್ತಿ ಚಾಲೂ ಮಾಡುವ ಎಕೋ ಪೆಡಲ್ ಅದು. ಅಮೆರಿಕದ ಸ್ಟ್ರೈಮನ್ ಸಂಸ್ಥೆಯ ಎಲ್ ಕ್ಯಾಪಿಸ್ಟಾನ್; 2010ರಲ್ಲಿ ಮೊದಲು ಮಾರುಕಟ್ಟೆಗೆ ಬಂದದ್ದು. ಅದರ ಗುಂಡಿಗಳಲ್ಲಿ ಒಂದಕ್ಕೆ ‘ಟೇಪ್ ಏಜ್’ ಎಂಬ ಹೆಸರಿತ್ತು. ಪೆಟ್ಟಿಗೆಯೊಳಗೆ ಟೇಪೇ ಇಲ್ಲ, ಇರುವುದು ಲೆಕ್ಕ ಮಾಡುವ ಚಿಪ್ ಮಾತ್ರ. ಆದರೂ ಆ ಗುಂಡಿಯನ್ನು ತಿರುಗಿಸಿದಂತೆಲ್ಲ ಮಾರ್ದನಿ ಮಂಕಾಗುತ್ತ, ಮಾಸುತ್ತ, ಹತ್ತಾರು ವರ್ಷ ಓಡಿ ಸವೆದ ಪಟ್ಟಿಯಿಂದ ಬಂದಂತೆ ಕೇಳತೊಡಗಿತು. ಇಲ್ಲದ ಟೇಪಿಗೆ ಮುಪ್ಪು ತರಿಸುವ ಈ ಗುಂಡಿಯನ್ನು ಯಾರು, ಏಕೆ ಬಯಸಿದರು ಎಂಬ ಕುತೂಹಲವೇ ಈ ಬರಹಕ್ಕೆ ಕಾರಣ.

ಮಾರ್ದನಿಗೆ ಮೂಲದಲ್ಲಿ ಬೇಕಾದದ್ದು ದೂರ. ವಿಜಯಪುರದ ಗೋಲಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಆಡಿದ ಮಾತು ಎದುರು ಗೋಡೆಗೆ ತಾಗಿ ಮರಳಲು ಸೆಕೆಂಡಿನ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಕಾಲ ಹಿಡಿಯುತ್ತದೆ. ಅಷ್ಟು ಸಣ್ಣ ಬಿಡುವಿಗೆ ಅಷ್ಟು ದೊಡ್ಡ ಗುಮ್ಮಟ ಬೇಕಾಯಿತು. ಟೇಪ್ ಯಂತ್ರವಾದರೋ ಈ ದೂರವನ್ನು ಇಂಚುಗಳಿಗೆ ಇಳಿಸಿತು. ಅಯಸ್ಕಾಂತೀಯ ಪಟ್ಟಿ ಸೆಕೆಂಡಿಗೆ 15 ಇಂಚು ವೇಗದಲ್ಲಿ ಓಡುತ್ತಿರುವಾಗ, ಬರೆಯುವ ಹೆಡ್ಡಿಗೂ ಓದುವ ಹೆಡ್ಡಿಗೂ ನಡುವೆ ಎರಡಿಂಚು ಅಂತರವಿದ್ದರೆ ಸ್ವರ 0.13 ಸೆಕೆಂಡು ತಡವಾಗಿ ಮರಳಿ ಕೇಳುತ್ತದೆ. 1950ರ ದಶಕದಲ್ಲಿ ಮೆಂಫಿಸ್ ನಗರದ ತಮ್ಮ ಸ್ಟುಡಿಯೋದಲ್ಲಿ ಸ್ಯಾಮ್ ಫಿಲಿಪ್ಸ್ ಎರಡು ಆಂಪೆಕ್ಸ್ ಯಂತ್ರಗಳನ್ನು ಜೋಡಿಸಿ ಎಲ್ವಿಸ್ ಪ್ರೀಸ್ಲಿಯ ದನಿಗೆ ಕೊಟ್ಟದ್ದು ಇಂಥ ಗಿಡ್ಡ ಮಾರ್ದನಿಯನ್ನೇ.

ಆದರೆ ಸ್ಟುಡಿಯೋದ ಯಂತ್ರವನ್ನು ಹೊತ್ತುಕೊಂಡು ಊರೂರು ತಿರುಗಲಾದೀತೆ? ಇಲಿನಾಯ್ ಪ್ರಾಂತದ ಕೇರೋ ಎಂಬ ಸಣ್ಣ ಊರಿನಲ್ಲಿ ವಾದ್ಯಗಳ ಅಂಗಡಿ ಇಟ್ಟುಕೊಂಡಿದ್ದ ರೇ ಬಟ್ಸ್ ಈ ತೊಡಕನ್ನು ಬಿಡಿಸಿದರು. ಆಂಪ್ಲಿಫೈಯರಿನ ಹೊಟ್ಟೆಯೊಳಗೇ ಟೇಪಿನ ಸುತ್ತೊಂದನ್ನು ಕೂರಿಸಿದ ಅವರ ಎಕೋಸಾನಿಕ್ ಯಂತ್ರವನ್ನು ಚೆಟ್ ಆಟ್ಕಿನ್ಸ್ ಕೊಂಡರು. ಎಲ್ವಿಸ್‌ನ ಗಿಟಾರ್ ವಾದಕ ಸ್ಕಾಟಿ ಮೂರ್ ಕೊಂಡರು. ಬಟ್ಸ್ ತಮ್ಮ ಕೈಯಾರೆ ಕಟ್ಟಿದ ಇಂಥ ಯಂತ್ರಗಳು ಎಪ್ಪತ್ತನ್ನು ಮುಟ್ಟಲಿಲ್ಲ.

ಆ ಮಾರ್ದನಿಯನ್ನು ಎಲ್ಲರ ಕೈಗೆ ಎಟುಕಿಸಿದ್ದು ಓಹಾಯೋದ ಆಕ್ರನ್ ನಗರದ ಮೈಕ್ ಬ್ಯಾಟಲ್ ರೂಪಿಸಿದ ಎಕೋಪ್ಲೆಕ್ಸ್, 1959ರಲ್ಲಿ. ಟೇಪನ್ನು ತೆಗೆದು ಹಾಕಬಹುದಾದ ಡಬ್ಬಿಯಲ್ಲಿ ಇಟ್ಟದ್ದು, ಹೆಡ್ಡುಗಳ ನಡುವಿನ ಅಂತರವನ್ನು ಕೈಯಿಂದ ಸರಿಸಿ ಮಾರ್ದನಿಯ ಬಿಡುವನ್ನು ಹಿಗ್ಗಿಸಿ ಕುಗ್ಗಿಸುವಂತೆ ಮಾಡಿದ್ದು ಇದರ ವಿಶೇಷ. ಅತ್ತ ಮಿಲಾನಿನ ಬಿನ್ಸನ್ ಸಂಸ್ಥೆಗೆ ಟೇಪಿನ ಸಹವಾಸವೇ ಬೇಡವಾಗಿತ್ತು. ಟೇಪು ಸವೆಯುತ್ತದೆ, ಹರಿಯುತ್ತದೆ. ಅವರ ಎಕೋರೆಕ್‌ನಲ್ಲಿ ತಿರುಗುವುದು ಉಕ್ಕಿನ ತಂತಿ ಸುತ್ತಿದ ಲೋಹದ ಚಕ್ರ. ಅದರ ಅಂಚಿನ ಸುತ್ತ ಸಾಲಾಗಿ ನಿಂತ ಹೆಡ್ಡುಗಳು ಒಂದೇ ಸ್ವರವನ್ನು ಬೇರೆ ಬೇರೆ ಗಳಿಗೆಗಳಲ್ಲಿ ಹಿಡಿದು ಮರಳಿಸುತ್ತವೆ. ಪಿಂಕ್ ಫ್ಲಾಯ್ಡ್ ತಂಡದ ಮೊದಲ ದಶಕದ ನಾದಲೋಕ ಬಹುಪಾಲು ಈ ಚಕ್ರದ ಮೇಲೆ ಕಟ್ಟಿದ್ದೆಂದರೆ ತಪ್ಪಾಗದು. 1974ರಲ್ಲಿ ಜಪಾನಿನ ರೋಲ್ಯಾಂಡ್ ಸಂಸ್ಥೆಯ ಆರ್‌ಇ-201 ಸ್ಪೇಸ್ ಎಕೋ ಬಂತು. ಇದರಲ್ಲಿ ಸುರುಳಿಗಳೇ ಇಲ್ಲ. ಉದ್ದನೆಯ ಟೇಪಿನ ಬಳ್ಳಿ ಪಾರದರ್ಶಕ ಮುಚ್ಚಳದ ಕೆಳಗೆ ಸಡಿಲವಾಗಿ ಮಡಿಕೆ ಮಡಿಕೆಯಾಗಿ ಬಿದ್ದಿರುತ್ತದೆ. ಎಳೆತ ಕಡಿಮೆ, ಆದ್ದರಿಂದ ಸವೆತವೂ ಕಡಿಮೆ. ಕಿಂಗ್‌ಸ್ಟನ್ನಿನ ಬ್ಲ್ಯಾಕ್ ಆರ್ಕ್ ಸ್ಟುಡಿಯೋದಲ್ಲಿ ಲೀ ಪೆರಿ ಇದನ್ನು ವಾದ್ಯದಂತೆಯೇ ನುಡಿಸಿದರು. ಮಾರ್ದನಿಯನ್ನು ಮತ್ತೆ ಮತ್ತೆ ಟೇಪಿಗೇ ಉಣಿಸುತ್ತ ಹೋದರೆ ಒಂದು ಹಂತದಲ್ಲಿ ಯಂತ್ರ ತಾನೇ ಊಳಿಡತೊಡಗುತ್ತದೆ.

ಈ ತಯಾರಕರೆಲ್ಲರ ಹೋರಾಟ ಒಂದೇ ಶತ್ರುವಿನೊಡನೆ ಎಂಬುದನ್ನು ಗಮನಿಸಬೇಕು. ಮೋಟಾರು ಕ್ಷಣಕ್ಷಣಕ್ಕೂ ಒಂದೇ ವೇಗದಲ್ಲಿ ತಿರುಗುವುದಿಲ್ಲ. ಆದ್ದರಿಂದ ಶ್ರುತಿ ತೂಗಾಡುತ್ತದೆ. ನಿಧಾನದ ತೂಗಾಟಕ್ಕೆ ‘ವಾವ್’ ಎಂದೂ ಚುರುಕಿನ ನಡುಕಕ್ಕೆ ‘ಫ್ಲಟರ್’ ಎಂದೂ ಎಂಜಿನಿಯರರು ಹೆಸರಿಟ್ಟರು. ಮೇಲಿನ ಸ್ವರಾಂಶಗಳು ಪ್ರತಿ ಸುತ್ತಿನಲ್ಲೂ ಕಳಚಿಕೊಳ್ಳುತ್ತವೆ. ಟೇಪಿನ ಬೆಸುಗೆ ಹೆಡ್ಡನ್ನು ದಾಟುವಾಗ ದನಿ ಒಮ್ಮೆ ಮುಗ್ಗರಿಸುತ್ತದೆ. ಇವೆಲ್ಲ ದೋಷಗಳು. ಇವನ್ನು ತಗ್ಗಿಸುವುದೇ ಆ ಜನರ ಜೀವಮಾನದ ಉದ್ಯೋಗವಾಗಿತ್ತು.

ದೋಷಗಳು ಕೊನೆಗೂ ನಿವಾರಣೆಯಾದವು. 1969ರಲ್ಲಿ ಫಿಲಿಪ್ಸ್ ಸಂಸ್ಥೆಯ ಸ್ಯಾಂಗ್‌ಸ್ಟರ್ ಮತ್ತು ಟೀರ್ ವಿದ್ಯುದಂಶವನ್ನು ಬಕೆಟ್ಟಿನಿಂದ ಬಕೆಟ್ಟಿಗೆ ನೀರು ಸುರಿದಂತೆ ದಾಟಿಸುವ ಮಂಡಲವನ್ನು ರೂಪಿಸಿದರು. 1980ರ ದಶಕದಲ್ಲಿ ಡಿಜಿಟಲ್ ಪೆಡಲುಗಳು ಬಂದವು. ಮಾರ್ದನಿ ಮೂಲದಷ್ಟೇ ಶುಭ್ರವಾಯಿತು. ಆಗ ವಾದಕರಿಗೆ ಹೊಳೆದ ಸಂಗತಿ ವಿಚಿತ್ರವಾಗಿತ್ತು. ಶುಭ್ರವಾದ ಮಾರ್ದನಿ ನುಡಿಸುತ್ತಿರುವ ಸ್ವರದೊಡನೆ ಪೈಪೋಟಿಗೆ ನಿಲ್ಲುತ್ತದೆ. ಹಳೆಯ ಯಂತ್ರದ್ದಾದರೋ ಸುತ್ತು ಸುತ್ತಿಗೂ ಮಸುಕಾಗಿ ಹಿಂದೆ ಸರಿಯುತ್ತಿತ್ತು. ದೂರದಿಂದ ಬರುವ ದನಿಯಲ್ಲಿ ಗಾಳಿಯೂ ಮೇಲಿನ ಸ್ವರಾಂಶಗಳನ್ನೇ ಮೊದಲು ಹೀರುತ್ತದೆಯಾದ್ದರಿಂದ ಕಿವಿ ಆ ಮಸುಕನ್ನು ದೂರವೆಂದೇ ಓದಿಕೊಳ್ಳುತ್ತದೆ. ಯಂತ್ರದ ನ್ಯೂನತೆಯೇ ಸಂಗೀತಕ್ಕೆ ಆಳವನ್ನು ಕೊಡುತ್ತಿತ್ತು. (ಗಣೇಶೋತ್ಸವದ ವಾದ್ಯಗೋಷ್ಠಿಗಳಲ್ಲಿ ‘ಥೋಡಾ ಎಕೋ ಬಢಾವೊ’ ಎಂದು ಮೈಕಿನವನಿಗೆ ಕೂಗುವ ಗಾಯಕರ ಮಾರ್ದನಿ ಮಾತ್ರ ಎಂದೂ ಹಿಂದೆ ಸರಿದದ್ದಿಲ್ಲ.)

ಹಾಗಾಗಿ ದೋಷಗಳನ್ನು ಮರಳಿ ಕಟ್ಟುವ ಕೆಲಸ ಆರಂಭವಾಯಿತು. 1999ರ ಲೈನ್ 6 ಡಿಎಲ್4 ಪೆಡಲ್ ಎಕೋಪ್ಲೆಕ್ಸಿನ ಎರಡು ಮಾದರಿಗಳನ್ನು ಒಂದೇ ಪೆಟ್ಟಿಗೆಯಲ್ಲಿ ಅನುಕರಿಸಿತು. ರೋಲ್ಯಾಂಡ್ ಸಂಸ್ಥೆಯದೇ ಆದ ಬಾಸ್ ಶಾಖೆ 2007ರಲ್ಲಿ ಸ್ಪೇಸ್ ಎಕೋವನ್ನು ಪೆಡಲಿಗೆ ಇಳಿಸಿತು. 2022ರ ಆರ್‌ಇ-202ರಲ್ಲಿ ಹೊಸ ಟೇಪು ಬೇಕೋ ಹಳೆಯದು ಬೇಕೋ ಎಂಬ ಆಯ್ಕೆಯನ್ನೂ ಇಟ್ಟಿತು. ಇವುಗಳ ಒಳಗುಟ್ಟು ಸ್ಥೂಲವಾಗಿ ಹೀಗೆ: ಸ್ವರವು ಅಂಕಿಗಳಾಗಿ ಸ್ಮೃತಿಕೋಶದಲ್ಲಿ ಸಾಲುಗಟ್ಟುತ್ತದೆ, ಅದನ್ನು ಓದುವ ಸೂಚಿಯನ್ನು ಸಮವೇಗದಲ್ಲಿ ನಡೆಸದೆ ತುಸು ಹಿಂದೆಮುಂದೆ ತೂಗಿಸಿದರೆ ಶ್ರುತಿ ತೂಗುತ್ತದೆ. ತೂಗಾಟ ಗಡಿಯಾರದ ಲೋಲಕದಂತೆ ಕ್ರಮಬದ್ಧವಾಗಿದ್ದರೆ ಕಿವಿ ಕೂಡಲೇ ಮೋಸವನ್ನು ಹಿಡಿಯುತ್ತದೆ. ಆದ್ದರಿಂದ ಅದರಲ್ಲಿ ಅನಿಶ್ಚಿತತೆಯನ್ನು ಬೆರೆಸಬೇಕು. ಟೇಪು ತುಂಬಿ ಸ್ವರ ಒತ್ತಿಕೊಳ್ಳುವುದನ್ನೂ ಮೇಲಿನ ಸ್ವರಾಂಶಗಳ ನಷ್ಟವನ್ನೂ ಕೊನೆಯಲ್ಲಿ ಬಣ್ಣದಂತೆ ಬಳಿದರೆ ಸಾಲದು. ಪ್ರತಿ ಸುತ್ತಿನ ಒಳಗೇ ಅವನ್ನು ಇಡಬೇಕು, ಏಕೆಂದರೆ ಮೂರನೆಯ ಮಾರ್ದನಿ ಎರಡನೆಯದರ ಪ್ರತಿ, ಎರಡನೆಯದು ಮೊದಲನೆಯದರ ಪ್ರತಿ.

‘ಪ್ರತಿ’ ಎಂಬ ಮಾತು ತಾನಾಗಿ ಬಂತು. ಓಲೆಗರಿಯ ಕಾವ್ಯಗಳು ನಮಗೆ ದಕ್ಕಿದ್ದೂ ಪ್ರತಿಯ ಪ್ರತಿಗಳಾಗಿ. ಒಬ್ಬ ಲಿಪಿಕಾರನ ತಪ್ಪು ಮುಂದಿನವನ ಪಾಠವಾಗುತ್ತದೆ. ಈ ಪೆಡಲುಗಳ ಎಂಜಿನಿಯರರು ಎದುರಿಸಿದ್ದು ಗ್ರಂಥಸಂಪಾದಕರ ಪ್ರಶ್ನೆಯನ್ನೇ: ಯಾವುದು ಶುದ್ಧ ಪಾಠ? ಕಾರ್ಖಾನೆಯಿಂದ ಆಗತಾನೆ ಹೊರಬಿದ್ದ ಎಕೋಪ್ಲೆಕ್ಸೋ, ಐವತ್ತು ವರ್ಷ ಬಳಸಿ ರಬ್ಬರು ಗಟ್ಟಿಯಾಗಿ ಹೆಡ್ಡು ಸವೆದದ್ದೋ? ಒಂದು ಯಂತ್ರದಂತೆ ಇನ್ನೊಂದು ಇಲ್ಲ. ಕೊನೆಗೆ ಯಾವುದೋ ಒಂದು ಯಂತ್ರ ಮೂಲಪ್ರತಿಯ ಸ್ಥಾನ ಪಡೆದು, ಸಾವಿರಾರು ಪೆಡಲುಗಳಲ್ಲಿ ಅಚ್ಚಾಗುತ್ತದೆ. ಅಸಲು ಯಂತ್ರಗಳು ದುಬಾರಿಯಾಗಿ, ರಿಪೇರಿ ಬಲ್ಲವರು ವಿರಳವಾಗಿ, ಹೊಸ ತಲೆಮಾರು ಈ ನಾದವನ್ನು ಪೆಡಲಿನ ಮೂಲಕವೇ ಅರಿಯುತ್ತಿರುವಾಗ, ಆ ಒಂದು ಯಂತ್ರದ ಮುಪ್ಪೇ ಇಡೀ ಚರಿತ್ರೆಯಾಗಿ ನಿಲ್ಲುತ್ತದೆ. ಓಲೆಪ್ರತಿಗಳ ಸಂಪಾದಕ ಕೈಬಿಟ್ಟ ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಾದರೂ ಕೊಡುತ್ತಾನೆ. ಪೆಡಲಿಗೆ ಅಡಿಟಿಪ್ಪಣಿ ಇಲ್ಲ. ಆ ಕೊರತೆಯನ್ನು ‘ಟೇಪ್ ಏಜ್’ ಗುಂಡಿ ಅಷ್ಟಿಷ್ಟು ತುಂಬುತ್ತದೆಂದು ಈಗ ನಮಗೆ ತೋರುತ್ತದೆ. ಒಂದೇ ಪಾಠದ ಬದಲು ಹೊಸದರಿಂದ ಹಳತಿನವರೆಗಿನ ಹರವನ್ನಾದರೂ ಅದು ತೆರೆದಿಡುತ್ತದೆ.

ಮೂಲ ಕರ್ತೃವಿನ ಇಷ್ಟವನ್ನೇ ಪ್ರಮಾಣವಾಗಿ ಹಿಡಿಯೋಣವೆಂದರೆ ಅದಕ್ಕೂ ಅಡ್ಡಿಯಿದೆ. ಎಕೋಪ್ಲೆಕ್ಸಿನ ಮೊದಲ ಮಾದರಿಗಳು ವಾಲ್ವಿನವು. 1970ರ ಸುಮಾರಿಗೆ ಬಂದ ಇಪಿ-3 ಟ್ರಾನ್ಸಿಸ್ಟರಿನದು. ಅದರ ನಾದ ಬ್ಯಾಟಲ್ ಅವರಿಗೇ ಹಿಡಿಸಲಿಲ್ಲವೆಂದು ಪ್ರತೀತಿ. ಆದರೆ ಜಿಮ್ಮಿ ಪೇಜ್, ಎಡ್ಡಿ ವ್ಯಾನ್ ಹೇಲನ್ ಮೊದಲಾದವರು ಅಪ್ಪಿಕೊಂಡದ್ದು ಇಪಿ-3ನ್ನೇ. ಮಾರ್ದನಿಯನ್ನು ಪೂರ್ತಿ ತಗ್ಗಿಸಿದರೂ ಅದರ ಮಂಡಲವನ್ನು ಹಾದುಬಂದ ಗಿಟಾರಿಗೆ ಒಂದು ಮೆರುಗು ಬರುತ್ತದೆಂದು ಅದನ್ನು ಸುಮ್ಮನೆ ನಡುವೆ ಜೋಡಿಸಿಕೊಂಡವರಿದ್ದಾರೆ. ಈಗ ಡನ್‌ಲಪ್ ಸಂಸ್ಥೆ ಆ ಮೆರುಗನ್ನಷ್ಟೇ ಕೊಡುವ ಪುಟ್ಟ ಪೆಡಲನ್ನು ಮಾರುತ್ತದೆ. ಎಕೋ ಯಂತ್ರದ ನೆನಪು, ಎಕೋ ಇಲ್ಲದೆ!

ಡೆನ್ಮಾರ್ಕಿನ ಟಿ-ರೆಕ್ಸ್ ಸಂಸ್ಥೆ ಇದಕ್ಕೆ ವಿರುದ್ಧದ ದಾರಿ ಹಿಡಿಯಿತು. ಅವರ ರೆಪ್ಲಿಕೇಟರ್ ಪೆಡಲಿನಲ್ಲಿ ನಿಜವಾದ ಟೇಪೇ ಮೋಟಾರಿನ ಬಲದಿಂದ ಓಡುತ್ತದೆ. ನಮ್ಮ ಗೆಳೆಯರಿಗೆ ಅದನ್ನು ಕೊಳ್ಳುವ ಆಸೆಯಿತ್ತಂತೆ. ಟೇಪು ಸವೆದಾಗಲೆಲ್ಲ ಹೊಸ ಡಬ್ಬಿಯನ್ನು ವಿದೇಶದಿಂದ ತರಿಸಬೇಕೆಂದು ತಿಳಿದು ಕೈಬಿಟ್ಟರು. ಅಂದು ಸಂಜೆ ಅವರು ‘ಟೇಪ್ ಏಜ್’ ಗುಂಡಿಯನ್ನು ಮುಕ್ಕಾಲು ಪಾಲು ತಿರುಗಿಸಿಟ್ಟು ನುಡಿಸಿದರು. ಪೂರ್ತಿ ಏಕೆ ತಿರುಗಿಸಲಿಲ್ಲವೆಂದು ಕೇಳಿದೆವು. ‘ಅಷ್ಟು ಹಳೆಯ ಯಂತ್ರವನ್ನು ನಾನು ಕೇಳಿಯೇ ಇಲ್ಲವಲ್ಲ ಸರ್’ ಎಂದರು.