ಬ್ಯಾಕ್ಟೀರಿಯದ ಹಗೇವು, ಮೆಕ್ಕೆಜೋಳದ ಪ್ಲಾಸ್ಟಿಕ್

ಜಗಳೂರು ತಾಲ್ಲೂಕಿನ ಸೊಕ್ಕೆಯ ಸುತ್ತಮುತ್ತ ಮಳೆಯನ್ನೇ ನಂಬಿದ ಹೊಲಗಳಲ್ಲಿ ಇಂದು ಎದ್ದು ಕಾಣುವ ಬೆಳೆ ಮೆಕ್ಕೆಜೋಳ. ಕಾಳು ಕೋಳಿ ಆಹಾರಕ್ಕೆ, ಪಿಷ್ಟದ ಕಾರ್ಖಾನೆಗಳಿಗೆ, ಈಚೆಗೆ ಎಥನಾಲ್ ತಯಾರಿಕೆಗೆ ಹೋಗುತ್ತದೆ. ಇದೇ ಕಾಳಿನ ಪಿಷ್ಟವನ್ನು ಸಕ್ಕರೆಯಾಗಿಸಿ ಬ್ಯಾಕ್ಟೀರಿಯಗಳಿಗೆ ಉಣಿಸಿದರೆ ಅವು ಪ್ಲಾಸ್ಟಿಕ್ ಮಾಡಿಕೊಡುತ್ತವೆ ಎಂದರೆ ಬೆಳೆದ ರೈತ ನಂಬಲಿಕ್ಕಿಲ್ಲ. ಆದರೆ ಸಂಗತಿಗೆ ಹೆಚ್ಚುಕಡಿಮೆ ನೂರು ವರ್ಷ ವಯಸ್ಸಾಗಿದೆ.

ಫ್ರಾನ್ಸಿನ ಪಾಶ್ಚರ್ ಸಂಸ್ಥೆಯ ಮಾರಿಸ್ ಲೆಮ್ವಾನ್ 1926ರ ಹೊತ್ತಿಗೆ ಮಣ್ಣಿನ ಬ್ಯಾಕ್ಟೀರಿಯವೊಂದರ ಒಡಲಲ್ಲಿ ಸಣ್ಣ ಸಣ್ಣ ಹರಳುಗಳನ್ನು ಗುರುತಿಸಿ ಅವು ಯಾವ ವಸ್ತುವೆಂದು ಕಂಡುಹಿಡಿದರು. ಅದರ ಹೆಸರು ಪಾಲಿಹೈಡ್ರಾಕ್ಸಿ ಬ್ಯುಟಿರೇಟ್, ಚಿಕ್ಕದಾಗಿ ಪಿಎಚ್‌ಬಿ. ಹಿಂದೆ ಬಯಲುಸೀಮೆಯಲ್ಲಿ ಸುಗ್ಗಿಯ ಜೋಳವನ್ನು ಹಗೇವಿನಲ್ಲಿ ತುಂಬಿಟ್ಟು ಬರಗಾಲದಲ್ಲಿ ತೆಗೆಯುತ್ತಿದ್ದರಲ್ಲವೇ? ಬ್ಯಾಕ್ಟೀರಿಯದ ಲೆಕ್ಕಾಚಾರವೂ ಅದೇ. ಸಕ್ಕರೆ ಯಥೇಚ್ಛವಾಗಿದ್ದು ಸಾರಜನಕದ ಕೊರತೆಯಾದಾಗ ಅದು ಸಂತಾನ ಬೆಳೆಸಲಾರದು. ಆಗ ಸಕ್ಕರೆಯನ್ನು ಪಿಎಚ್‌ಬಿಯಾಗಿ ಕಟ್ಟಿಡುತ್ತದೆ. ಕೆಲವು ತಳಿಗಳಲ್ಲಿ ಒಣತೂಕದ ಅರ್ಧಕ್ಕೂ ಮಿಕ್ಕಿ ಇದೇ ತುಂಬಿಕೊಂಡಿರುತ್ತದೆ. ಕಾಯಿಸಿದರೆ ಕರಗಿ ಅಚ್ಚಿಗೆ ಬರುವ ಈ ವಸ್ತುವನ್ನು ಮಣ್ಣಿಗೆ ಹಾಕಿದರೆ ಬೇರೆ ಸೂಕ್ಷ್ಮಜೀವಿಗಳು ತಿಂದು ಮುಗಿಸುತ್ತವೆ.

1970ರ ದಶಕದಲ್ಲಿ ತೈಲದ ಬೆಲೆ ಏರಿದಾಗ ಬ್ರಿಟನ್ನಿನ ಐಸಿಐ ಕಂಪೆನಿ ಈ ಹಗೇವಿನ ಮೇಲೆ ಕಣ್ಣುಹಾಕಿತು. 1990ರಲ್ಲಿ ಅದರ ‘ಬಯೋಪಾಲ್’ನಿಂದ ಮಾಡಿದ ಶಾಂಪೂ ಬಾಟಲಿ ಜರ್ಮನಿಯ ಅಂಗಡಿಗೆ ಬಂತು. ಸುದ್ದಿಯಾಯಿತು, ವ್ಯಾಪಾರವಾಗಲಿಲ್ಲ. ಪೆಟ್ರೋಲಿಯಂ ಪ್ಲಾಸ್ಟಿಕ್ಕಿಗಿಂತ ಬೆಲೆ ಎಷ್ಟೋ ಪಟ್ಟು ಹೆಚ್ಚಾಗಿತ್ತು.

ವಂಶವಾಹಿ ತಂತ್ರಜ್ಞಾನ ಇಲ್ಲಿ ಪ್ರವೇಶಿಸಿದ್ದು ಈ ಬೆಲೆ ಇಳಿಸುವ ಆಸೆಯಿಂದಲೇ. ಪಿಎಚ್‌ಬಿ ಕಟ್ಟಲು ಬೇಕಾಗುವುದು ಮೂರೇ ಕಿಣ್ವ: ಮೊದಲನೆಯದು ಎರಡು ತುಣುಕುಗಳನ್ನು ಬೆಸೆಯುತ್ತದೆ, ಎರಡನೆಯದು ಅದನ್ನು ತಿದ್ದುತ್ತದೆ, ಮೂರನೆಯದು ಮಣಿಯಂತೆ ಪೋಣಿಸುತ್ತದೆ. ಅವುಗಳ ವಂಶವಾಹಿಗಳನ್ನು 1988–89ರಲ್ಲಿ ಅಮೆರಿಕ ಮತ್ತು ಜರ್ಮನಿಯ ತಂಡಗಳು ಬೇರ್ಪಡಿಸಿ, ಪ್ರಯೋಗಾಲಯದ ಹಳೆಯ ಒಡನಾಡಿ ಇ. ಕೋಲೈ ಬ್ಯಾಕ್ಟೀರಿಯಕ್ಕೆ ಸೇರಿಸಿದವು. ಈ ಆಯ್ಕೆಯಲ್ಲೊಂದು ಜಾಣತನವಿದೆ. ಇ. ಕೋಲೈಗೆ ಹಗೇವು ತುಂಬುವುದನ್ನು ಕಲಿಸಬಹುದು. ತೆಗೆದು ತಿನ್ನುವ ಕಿಣ್ವ ಮಾತ್ರ ಅದರಲ್ಲಿಲ್ಲ!

ಕರ್ನಾಟಕದಲ್ಲಿ ಈ ಕೆಲಸ ನಡೆದದ್ದು ಮೈಸೂರಿನಲ್ಲಿ. ಚೆಲುವಾಂಬ ಮ್ಯಾನ್ಷನ್ನಿನಲ್ಲಿರುವ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ, ಅಂದರೆ ಸಿಎಫ್‌ಟಿಆರ್‌ಐ, ಆಹಾರಕ್ಕೆ ಹೆಸರಾದದ್ದು. ಅಲ್ಲಿ ಟಿ.ಆರ್. ಶಾಮಲಾ ಮತ್ತು ಸಹೋದ್ಯೋಗಿಗಳು ಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಗಳಲ್ಲಿ ಇಂಥ ಪಾಲಿಮರುಗಳನ್ನು ಬೆಳೆಸಿದರು. ಬ್ಯಾಸಿಲಸ್ ಮತ್ತು ಸ್ಯೂಡೋಮೊನಾಸ್‌ಗಳ ವಂಶವಾಹಿಗಳನ್ನು ಇ. ಕೋಲೈಗೆ ಸೇರಿಸಿ ಮಿಶ್ರ ಪಾಲಿಮರ್ ಪಡೆದ ಅವರ ವರದಿ 2008ರಲ್ಲಿ ಪ್ರಕಟವಾಯಿತು. ಮಿಶ್ರಣವೇಕೆ? ಬರೀ ಪಿಎಚ್‌ಬಿ ಪೆಡಸು, ಬೇಗ ಬಿರಿಯುತ್ತದೆ. ಉದ್ದ ಕೊಂಡಿಗಳನ್ನು ಬೆರೆಸಿದರೆ ಬಾಗುವ ಗುಣ ಬರುತ್ತದೆ.

ಪ್ರಯೋಗಾಲಯದಿಂದ ಕಾರ್ಖಾನೆಯ ದಾರಿ ಎಷ್ಟು ಕಠಿಣವೆಂಬುದನ್ನು ಅಮೆರಿಕದ ಅಯೋವ ತೋರಿಸಿತು. ಅದು ಮೆಕ್ಕೆಜೋಳದ ಕಣಜವೆನಿಸಿದ ರಾಜ್ಯ. ಅಲ್ಲಿನ ಕ್ಲಿಂಟನ್ ಪಟ್ಟಣದಲ್ಲಿ ಮೆಟಬಾಲಿಕ್ಸ್ ಮತ್ತು ಎಡಿಎಂ ಕಂಪೆನಿಗಳು ಜೋಳದ ಸಕ್ಕರೆಯಿಂದ ವರ್ಷಕ್ಕೆ 50 ಸಾವಿರ ಟನ್ ಪ್ಲಾಸ್ಟಿಕ್ ತಯಾರಿಸುವ ಸ್ಥಾವರ ಕಟ್ಟಿದವು. 2012ರ ಜನವರಿಯಲ್ಲಿ ಎಡಿಎಂ ಕೈಬಿಟ್ಟಿತು. ಕೊಳ್ಳುವವರು ಸಾಕಷ್ಟು ಸಿಕ್ಕಿರಲಿಲ್ಲ.

ತೊಡಕು ಇರುವುದು ಸಕ್ಕರೆಯ ಲೆಕ್ಕದಲ್ಲಿ. ಒಂದು ಕಿಲೋ ಪಿಎಚ್‌ಬಿಗೆ ಸುಮಾರು ಮೂರು ಕಿಲೋ ಸಕ್ಕರೆ, ಎಂದರೆ ನಾಲ್ಕೈದು ಕಿಲೋ ಮೆಕ್ಕೆಜೋಳ ಬೇಕು. ಜಗಳೂರಿನಂಥ ಬರಪೀಡಿತ ತಾಲ್ಲೂಕಿನಲ್ಲಿ ಅಷ್ಟು ಕಾಳು ಕೈಗೆ ಬರುವುದು ಮಳೆ ಬಂದರೆ ಮಾತ್ರ. ಕೋಳಿಗೆ ಹೋಗುವ ಕಾಳನ್ನು ಕೈಚೀಲಕ್ಕೆ ತಿರುಗಿಸುವುದು ಎಷ್ಟು ಸರಿ ಎಂಬ ಪ್ರಶ್ನೆಯೂ ಇದೆ. ಆದ್ದರಿಂದಲೇ ಸಂಶೋಧಕರ ಗಮನ ಕಾಳು ಬಿಟ್ಟು ಉಳಿದದ್ದರ ಕಡೆ ಹೊರಳಿದೆ. ಸೊಪ್ಪೆ ದನಕ್ಕೆ ಬೇಕು, ಉಳಿಯುವುದು ದಿಂಡು. ಅದರೊಳಗೆ ಕ್ಸೈಲೋಸ್ ಎಂಬ ಸಕ್ಕರೆ ಅಡಗಿದೆ, ಇ. ಕೋಲೈ ಅದನ್ನೂ ತಿನ್ನಬಲ್ಲದು. ಆದರೆ ಗಟ್ಟಿ ದಿಂಡನ್ನು ಒಡೆದು ಆ ಸಕ್ಕರೆ ಬಿಡಿಸುವ ಖರ್ಚು ಇನ್ನೂ ಹೆಚ್ಚೇ ಇದೆ. ಸದ್ಯಕ್ಕೆ ಹಳ್ಳಿಗಳಲ್ಲಿ ದಿಂಡು ಒಲೆಗೆ ಹೋಗುತ್ತದೆ.