ತೊಟ್ಟಿಲು ಕಾಯುವವರ ಮೇಲೊಂದು ಕಣ್ಣು



ಕೆಲಸಕ್ಕೆ ಹೋಗುವ ತಾಯಿಗೆ ಬೆಳಗಾದರೆ ಎದುರಾಗುವ ಮೊದಲ ಪ್ರಶ್ನೆ ಮಗುವಿನದು. ಇವತ್ತು ಇದನ್ನು ಯಾರ ಕೈಯಲ್ಲಿ ಬಿಡಲಿ? ಊರಿನಲ್ಲಿದ್ದರೆ ಅಜ್ಜಿಯೋ ಚಿಕ್ಕಮ್ಮನೋ ಪಕ್ಕದ ಮನೆಯ ಅಕ್ಕನೋ ಇರುತ್ತಿದ್ದರು. ಚೆನ್ನೈಗೆ ಬಂದ ನಮ್ಮಂಥವರಿಗೆ ಆ ಅನುಕೂಲವಿಲ್ಲ. 2000ದಲ್ಲಿ ತರಮಣಿಯ ಟೈಡೆಲ್ ಪಾರ್ಕ್ ತೆರೆದ ಮೇಲೆ ಹಳೆ ಮಹಾಬಲಿಪುರಂ ರಸ್ತೆಯುದ್ದಕ್ಕೂ ಐಟಿ ಕಂಪನಿಗಳು ಬಂದವು. ಅವುಗಳ ಹಿಂದೆಯೇ ಅಪಾರ್ಟ್‌ಮೆಂಟುಗಳು ಬಂದವು, ಅಪಾರ್ಟ್‌ಮೆಂಟುಗಳ ನೆಲಮಹಡಿಯಲ್ಲಿ ಬಣ್ಣಬಣ್ಣದ ಬೋರ್ಡಿನ ಡೇ ಕೇರ್‌ಗಳು ಬಂದವು. ನನ್ನ ಮಗಳೂ ಅಂಥದ್ದೊಂದರಲ್ಲೇ ಬೆಳೆದವಳು.

ಮಗುವನ್ನು ನೋಡಿಕೊಳ್ಳುವವರನ್ನು ನೋಡಿಕೊಳ್ಳುವವರು ಯಾರು? ಈ ಪ್ರಶ್ನೆ ಐಟಿ ಯುಗದ್ದೆಂದು ನಾನು ಅಂದುಕೊಂಡಿದ್ದೆ. ಹುಡುಕುತ್ತ ಹೋದರೆ ಇದಕ್ಕೆ ನೂರೈವತ್ತು ವರ್ಷದ ಇತಿಹಾಸವಿದೆ, ಅದರಲ್ಲಿ ಪತ್ತೇದಾರರೂ ಇದ್ದಾರೆ.

ಪತ್ರಿಕೆಯ ಜಾಹೀರಾತು ಹಿಡಿದು ಹೊರಟ ಸಾರ್ಜೆಂಟ್

ಕೂಲಿ ಮಾಡುವ ತಾಯಂದಿರ ಶಿಶುಗಳಿಗೆಂದೇ ಮೊದಲ ‘ಕ್ರೆಶ್’ ಅನ್ನು 1844ರಲ್ಲಿ ಪ್ಯಾರಿಸ್ಸಿನಲ್ಲಿ ಫಿರ್ಮಿನ್ ಮಾರ್ಬೊ ಆರಂಭಿಸಿದರು. ಫ್ರೆಂಚ್ ಭಾಷೆಯಲ್ಲಿ ಆ ಪದಕ್ಕೆ ಗೋದಲಿ ಎಂದರ್ಥ, ದನದ ಕೊಟ್ಟಿಗೆಯಲ್ಲಿ ಮೇವು ಹಾಕುವ ತೊಟ್ಟಿ. ಯೇಸುವನ್ನು ಮಲಗಿಸಿದ್ದು ಗೋದಲಿಯಲ್ಲಿ ಎಂಬ ನೆನಪಿನಿಂದ ಬಂದ ಹೆಸರು ಅದು.

ಅದೇ ಕಾಲದ ಲಂಡನ್ನಿನಲ್ಲಿ ಬೇರೆಯೇ ವ್ಯಾಪಾರ ನಡೆಯುತ್ತಿತ್ತು. ಮಗುವನ್ನು ಸಾಕಿಕೊಡುತ್ತೇವೆ ಎಂದು ಪತ್ರಿಕೆಗಳಲ್ಲಿ ಜಾಹೀರಾತು ಬರುತ್ತಿತ್ತು. ಬಡ ತಾಯಂದಿರು, ಮದುವೆಯಾಗದೆ ತಾಯಂದಿರಾದ ಹುಡುಗಿಯರು ಹಣ ಕೊಟ್ಟು ಮಗುವನ್ನು ಒಪ್ಪಿಸುತ್ತಿದ್ದರು. ಮಗು ಅಳದಿರಲೆಂದು ಅಫೀಮು ಬೆರೆಸಿದ ಔಷಧ ಕುಡಿಸುತ್ತಿದ್ದರು. ಎಷ್ಟೋ ಮಕ್ಕಳು ಹಾಗೆಯೇ ಸೊರಗಿ ಸತ್ತವು. 1870ರಲ್ಲಿ ಬ್ರಿಕ್ಸ್‌ಟನ್ ಬಡಾವಣೆಯ ಬೀದಿಗಳಲ್ಲಿ ಶಿಶುಗಳ ಶವ ಸಿಗತೊಡಗಿದಾಗ ರೆಲ್ಫ್ ಎಂಬ ಪೊಲೀಸ್ ಸಾರ್ಜೆಂಟ್ ಇಂಥ ಜಾಹೀರಾತಿನ ಜಾಡು ಹಿಡಿದು ಮಾರ್ಗರೆಟ್ ವಾಟರ್ಸ್ ಎಂಬಾಕೆಯ ಮನೆ ತಲುಪಿದ. ಅಲ್ಲಿ ಹಲವು ಕೂಸುಗಳು ಮಂಪರಿನಲ್ಲಿ ಸದ್ದಿಲ್ಲದೆ ಬಿದ್ದಿದ್ದವು. ಆಕೆಗೆ ಅದೇ ವರ್ಷ ಅಕ್ಟೋಬರಿನಲ್ಲಿ ಗಲ್ಲಾಯಿತು.

ಆ ಪ್ರಕರಣದ ನಂತರ 1872ರಲ್ಲಿ ಇಂಗ್ಲೆಂಡ್ ಶಿಶು ಜೀವ ರಕ್ಷಣಾ ಕಾಯ್ದೆ ತಂದಿತು. ಹಣ ಪಡೆದು ಒಂದಕ್ಕಿಂತ ಹೆಚ್ಚು ಹಸುಗೂಸುಗಳನ್ನು ಸಾಕುವವರು ಹೆಸರು ನೋಂದಾಯಿಸಬೇಕಾಯಿತು. ಆದರೆ ಕಾಯ್ದೆ ಅನ್ವಯವಾಗುತ್ತಿದ್ದುದು 24 ಗಂಟೆಗೂ ಮೀರಿ ಇಟ್ಟುಕೊಳ್ಳುವವರಿಗೆ ಮಾತ್ರ. ಬೆಳಿಗ್ಗೆ ಬಿಟ್ಟು ಸಂಜೆ ಕರೆದೊಯ್ಯುವ ಮಕ್ಕಳು ಕಾನೂನಿನ ಕಣ್ಣಿಗೆ ಬೀಳಲಿಲ್ಲ. ಹಗಲು ಹೊತ್ತಿನ ಮಗು ಹೀಗೆ ಕಾನೂನಿನಿಂದ ಜಾರಿಹೋಗುವುದು ಮುಂದೆ ನಮ್ಮಲ್ಲೂ ಕಾಣುತ್ತದೆ.

ಬಾಲ ಗೋಲಿಯಿಂದ ಶಿಶುವಿಹಾರದವರೆಗೆ

ನಮ್ಮ ದೇಶದಲ್ಲಿ ಕಥೆ ಶುರುವಾಗುವುದು ಮುಂಬೈ ಗಿರಣಿಗಳಲ್ಲಿ. ಮನೆಯಲ್ಲಿ ಬಿಟ್ಟುಬಂದ ಮಗು ಅಳದೆ ಮಲಗಿರಲೆಂದು ‘ಬಾಲ ಗೋಲಿ’ ಎಂಬ ಅಫೀಮಿನ ಗುಳಿಗೆ ಕೊಡುವುದು ಅಲ್ಲಿ ವಾಡಿಕೆಯಾಗಿತ್ತು. 1920ರ ದಶಕದ ಆರಂಭದಲ್ಲಿ ಡಾ. ಬಾರ್ನ್ಸ್ ಎಂಬ ವೈದ್ಯೆ ಗಿರಣಿ ಕೆಲಸಗಾರ್ತಿಯರ ಸ್ಥಿತಿಯನ್ನು ಅಧ್ಯಯನ ಮಾಡಿ ಈ ಪದ್ಧತಿಯನ್ನು ಬಯಲಿಗೆ ತಂದರು. ಅದನ್ನು ಓದಿದಾಗ ನನಗೆ ಆ ತಾಯಂದಿರ ಮೇಲೆ ಸಿಟ್ಟು ಬರಲಿಲ್ಲ. ಹತ್ತು ಗಂಟೆ ದುಡಿಯುವ ಹೆಣ್ಣಿಗೆ ಮಗುವನ್ನು ಬಿಡಲು ಒಂದು ಜಾಗ ಕೊಡದವರು ಯಾರು ಎಂದು ಕೇಳಬೇಕೆನಿಸಿತು.

ಆಮೇಲಿನ ಹೆಜ್ಜೆಗಳನ್ನು ಬೇಗ ಹೇಳಿಬಿಡುತ್ತೇನೆ. ವಿಟ್ಲಿ ಅವರ ಅಧ್ಯಕ್ಷತೆಯ ರಾಯಲ್ ಕಾರ್ಮಿಕ ಆಯೋಗ 1931ರ ವರದಿಯಲ್ಲಿ ಕಾರ್ಖಾನೆಗಳಲ್ಲಿ ಶಿಶುವಿಹಾರ ಬೇಕೆಂದಿತು. 1948ರ ಕಾರ್ಖಾನೆ ಕಾಯ್ದೆ 50ಕ್ಕಿಂತ ಹೆಚ್ಚು ಹೆಂಗಸರಿರುವ ಕಡೆ ಅದನ್ನು ಕಡ್ಡಾಯ ಮಾಡಿತು. 1976ರ ತಿದ್ದುಪಡಿಯಲ್ಲಿ ಆ ಸಂಖ್ಯೆ 30ಕ್ಕೆ ಇಳಿಯಿತು. 1951ರ ತೋಟ ಕಾರ್ಮಿಕರ ಕಾಯ್ದೆಯಿಂದ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಗೂ ಶಿಶುವಿಹಾರ ಬಂತು. 1969ರಲ್ಲಿ ದೆಹಲಿಯಲ್ಲಿ ಗಾಂಧಿ ಶತಮಾನೋತ್ಸವಕ್ಕಾಗಿ ಕಟ್ಟಡ ಕಟ್ಟುತ್ತಿದ್ದ ಜಾಗದಲ್ಲಿ ಮಣ್ಣು, ಬಿಸಿಲಿನಲ್ಲಿ ಬಿದ್ದಿದ್ದ ಕೂಲಿಕಾರರ ಮಕ್ಕಳನ್ನು ನೋಡಿ ಮೀರಾ ಮಹಾದೇವನ್ ‘ಮೊಬೈಲ್ ಕ್ರೆಶಸ್’ ಸಂಸ್ಥೆ ಕಟ್ಟಿದರು.

ಚೆನ್ನೈಗೆ ಈ ಚರಿತ್ರೆಯಲ್ಲಿ ವಿಶೇಷ ಸ್ಥಾನವಿದೆ. ಮಾರಿಯಾ ಮಾಂಟೆಸರಿ 1939ರಲ್ಲಿ ಭಾರತಕ್ಕೆ ಬಂದು ಮೊದಲ ತರಬೇತಿ ಶಿಬಿರ ನಡೆಸಿದ್ದು ಇಲ್ಲಿನ ಅಡ್ಯಾರಿನ ಥಿಯೊಸಾಫಿಕಲ್ ಸೊಸೈಟಿಯ ಆವರಣದಲ್ಲಿ. ಇಂದು ಬೀದಿಗೊಂದು ‘ಮಾಂಟೆಸರಿ’ ಬೋರ್ಡು ಕಾಣುತ್ತದಲ್ಲ, ಅದರ ಬೇರು ಆ ದೊಡ್ಡ ಆಲದ ಮರದ ನೆರಳಿನ ಆವರಣದಲ್ಲಿದೆ. ಶಾಲೆಗೆ ಹೋಗುವ ಮೊದಲಿನ ವಯಸ್ಸಿನ ಮಕ್ಕಳ ಬಗ್ಗೆ 1972ರಲ್ಲಿ ವರದಿ ಕೊಟ್ಟ ಸಮಿತಿಯ ಮುಖ್ಯಸ್ಥೆ ಮೀನಾ ಸ್ವಾಮಿನಾಥನ್ ಮುಂದೆ ಬಾಳಿ ಕೆಲಸ ಮಾಡಿದ್ದೂ ಈ ಊರಿನಲ್ಲೇ. 1975ರ ಅಕ್ಟೋಬರ್ 2ರಂದು ಆರಂಭವಾದ ಅಂಗನವಾಡಿ ಯೋಜನೆಗೆ ಆ ವರದಿಯೂ ಒಂದು ತಳಹದಿ.

ಗಮನಿಸಿ, ಈ ಎಲ್ಲ ವ್ಯವಸ್ಥೆಗಳಲ್ಲೂ ಒಂದು ಸರ್ಕಾರಿ ಕಣ್ಣಿತ್ತು. ಕಾರ್ಖಾನೆಗೆ ಇನ್‌ಸ್ಪೆಕ್ಟರ್, ಅಂಗನವಾಡಿಗೆ ಮೇಲ್ವಿಚಾರಕಿ. ಅವರು ಎಷ್ಟು ಸಲ ಬಂದರು ಎಂಬುದು ಬೇರೆ ಮಾತು. ನಾವು ಹಣ ಕೊಟ್ಟು ಸೇರಿಸುವ ಖಾಸಗಿ ಡೇ ಕೇರ್ ಮಾತ್ರ ಬಹುಕಾಲ ಅಂಗಡಿ ತೆರೆದಷ್ಟೇ ಸುಲಭವಾಗಿ ತೆರೆಯುತ್ತಿತ್ತು. ತಮಿಳುನಾಡಿನಲ್ಲಿ ಆಟದ ಶಾಲೆಗಳಿಗೆಂದು ನಿಯಮಾವಳಿ ಬಂದದ್ದು 2015ರಲ್ಲಿ.

ಪತ್ತೇದಾರರು ಬಂದ ದಾರಿ

ಒಮ್ಮೆ ನಮ್ಮ ಅಪಾರ್ಟ್‌ಮೆಂಟಿನ ತಾಯಂದಿರ ಗುಂಪಿನಲ್ಲಿ ಒಬ್ಬರು, ‘ಆಯಾ ಮೇಲೆ ಅನುಮಾನ ಇದೆ, ಡಿಟೆಕ್ಟಿವ್ ಏಜೆನ್ಸಿಗೆ ಕೊಟ್ಟರೆ ಹೇಗೆ?’ ಎಂದು ಕೇಳಿದರು. ಕೆಲವರು ನಕ್ಕರು. ನಮಗೆಲ್ಲ ಪತ್ತೇದಾರ ಎಂದರೆ ಎನ್. ನರಸಿಂಹಯ್ಯನವರ ಪುರುಷೋತ್ತಮನೇ ನೆನಪಾಗುವುದು. ಆದರೆ ಕೇಳಿದವರು ನಗುವ ಸ್ಥಿತಿಯಲ್ಲಿರಲಿಲ್ಲ.

ಖಾಸಗಿ ಪತ್ತೇದಾರಿಕೆಯ ಇತಿಹಾಸದಲ್ಲಿ ನೌಕರರ ಮೇಲಿನ ಅನುಮಾನ ಮೊದಲಿನಿಂದಲೂ ಇದೆ. 1850ರ ಸುಮಾರಿಗೆ ಶಿಕಾಗೋದಲ್ಲಿ ಅಲನ್ ಪಿಂಕರ್ಟನ್ ಆರಂಭಿಸಿದ ಏಜೆನ್ಸಿಗೆ ರೈಲ್ವೆ ಕಂಪನಿಗಳು ದೊಡ್ಡ ಗಿರಾಕಿಗಳಾಗಿದ್ದವು. 1856ರಲ್ಲಿ ಅಲ್ಲಿ ಸೇರಿದ ಕೇಟ್ ವಾರ್ನ್ ಅಮೆರಿಕದ ಮೊದಲ ಮಹಿಳಾ ಪತ್ತೇದಾರೆ. ಗಂಡಸರು ಕಾಲಿಡಲಾಗದ ಕಡೆಗೆ ಹೆಣ್ಣು ಹೋಗಿ ಮಾತು ತೆಗೆಯಬಲ್ಲಳು ಎಂದು ವಾದಿಸಿ ಕೆಲಸ ಗಿಟ್ಟಿಸಿಕೊಂಡವಳು. ಅದೇ ಪಿಂಕರ್ಟನ್ ಏಜೆನ್ಸಿ ಮುಂದೆ ಕಾರ್ಮಿಕ ಸಂಘಗಳ ಒಳಗೆ ಗೂಢಚಾರರನ್ನು ನುಗ್ಗಿಸಿತು. 1892ರ ಹೋಮ್‌ಸ್ಟೆಡ್ ಉಕ್ಕಿನ ಕಾರ್ಖಾನೆಯ ಮುಷ್ಕರದಲ್ಲಿ ಅದರ ಕಾವಲುಗಾರರಿಗೂ ಕಾರ್ಮಿಕರಿಗೂ ಗುಂಡಿನ ಕಾಳಗವೇ ನಡೆಯಿತು. ಹಣ ಕೊಟ್ಟವರ ಪರವಾಗಿ ನೋಡುವ ಕಣ್ಣು ಎಲ್ಲಿಯವರೆಗೆ ಹೋಗಬಹುದೆಂಬುದಕ್ಕೆ ಇದೊಂದು ಉದಾಹರಣೆ.

ನಮ್ಮಲ್ಲಿ ಸೆಕ್ಯುರಿಟಿ ಗಾರ್ಡ್ ಒದಗಿಸುವ ಸಂಸ್ಥೆಗಳಿಗೆ 2005ರ ಕಾಯ್ದೆಯಿದೆ, ಪರವಾನಗಿ ಬೇಕು. ಪತ್ತೇದಾರಿ ಸಂಸ್ಥೆಗಳಿಗೆಂದು 2007ರಲ್ಲಿ ರಾಜ್ಯಸಭೆಯಲ್ಲಿ ಮಂಡನೆಯಾದ ಮಸೂದೆ ಕಾಯ್ದೆಯಾಗಲೇ ಇಲ್ಲ. ಹಾಗಾಗಿ ಖಾಸಗಿ ಪತ್ತೇದಾರರಿಗೆ ನಮಗಿಂತ ಹೆಚ್ಚಿನ ಅಧಿಕಾರವಿಲ್ಲ. ಅವರು ವಿಚಾರಿಸಬಹುದು, ಹಿಂದಿನ ಕೆಲಸದ ಬಗ್ಗೆ ಕೇಳಿ ತಿಳಿಯಬಹುದು, ಸಾರ್ವಜನಿಕ ಜಾಗದಲ್ಲಿ ನಿಂತು ನೋಡಬಹುದು. ಯಾರದೋ ಫೋನ್ ಕರೆಗಳ ಪಟ್ಟಿ ತರಿಸುವಂತಿಲ್ಲ. 2018ರಲ್ಲಿ ಹಾಗೆ ತರಿಸಿ ಮಾರಿದ ಆರೋಪದ ಮೇಲೆ ಠಾಣೆ ಪೊಲೀಸರು ಹಲವು ಪತ್ತೇದಾರರನ್ನು ಬಂಧಿಸಿದ್ದರು. ಅದಕ್ಕೂ ಮುಂಚೆ, 2017ರ ಆಗಸ್ಟ್ 24ರಂದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಹೇಳಿತ್ತು. ಆ ಹಕ್ಕು ಆಯಾಗೂ ಇದೆ.

ಕ್ಯಾಮೆರಾ ನೋಡಿತು, ಮನುಷ್ಯರು ನೋಡಲಿಲ್ಲ

2016ರ ನವೆಂಬರಿನಲ್ಲಿ ನವಿ ಮುಂಬೈಯ ಖಾರ್ಘರ್‌ನ ಡೇ ಕೇರ್ ಒಂದರಲ್ಲಿ ಹತ್ತು ತಿಂಗಳ ಮಗುವನ್ನು ಆಯಾ ಹೊಡೆದು ಒದ್ದ ಪ್ರಕರಣ ನಿಮಗೆ ನೆನಪಿರಬಹುದು. ಮಗುವಿನ ಮೈಮೇಲೆ ಗಾಯ ಕಂಡ ತಂದೆತಾಯಿ ಪೊಲೀಸರ ಬಳಿ ಹೋದರು. ಸಿಸಿಟಿವಿ ದೃಶ್ಯ ತೆಗೆದು ನೋಡಿದಾಗ ಸತ್ಯ ಹೊರಬಿತ್ತು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಅಲ್ಲಿ ಕ್ಯಾಮೆರಾ ಮೊದಲೇ ಇತ್ತು, ಅದರ ಮುಂದೆಯೇ ಹೊಡೆತ ನಡೆದಿತ್ತು. 2023ರಲ್ಲಿ ಬೆಂಗಳೂರಿನ ಚಿಕ್ಕಲ್ಲಸಂದ್ರದಲ್ಲಿ ಒಂದು ಮಗು ಇನ್ನೊಂದು ಪುಟ್ಟ ಮಗುವನ್ನು ಹೊಡೆಯುತ್ತಲೇ ಇದ್ದ ದೃಶ್ಯ ಹೊರಬಂತು. ಕೋಣೆಯಲ್ಲಿ ದೊಡ್ಡವರೇ ಇರಲಿಲ್ಲ. ಅಲ್ಲಿ ಹೊಡೆದ ಮಗುವಿನ ಮೇಲೆ ಏನು ಕೇಸು ಹಾಕುತ್ತೀರಿ?

ನನ್ನ ಕೆಲಸ ಸಾಫ್ಟ್‌ವೇರಿನದು. ಸರ್ವರ್‌ನಲ್ಲಿ ನಡೆಯುವ ಪ್ರತಿಯೊಂದಕ್ಕೂ ಲಾಗ್ ಇರುತ್ತದೆ, ಆದರೆ ಏನಾದರೂ ಕೆಟ್ಟ ಮೇಲಷ್ಟೇ ಅದನ್ನು ತೆರೆದು ಓದುತ್ತೇವೆ. ಸಿಸಿಟಿವಿಯೂ ಹಾಗೆಯೇ. ಆಗಿಹೋದದ್ದನ್ನು ತೋರಿಸುತ್ತದೆ, ಆಗದಂತೆ ತಡೆಯುವುದು ಕಡಿಮೆ.

ಅನುಮಾನವೇ ಅಪರಾಧಿಯನ್ನು ಹುಟ್ಟಿಸಿದಾಗ

ಇದರ ಇನ್ನೊಂದು ಮುಖವನ್ನೂ ಹೇಳದಿದ್ದರೆ ಇತಿಹಾಸ ಅರ್ಧವಾಗುತ್ತದೆ. 1983ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಕ್‌ಮಾರ್ಟಿನ್ ಶಿಶುಶಾಲೆಯ ಮೇಲೆ ಒಬ್ಬ ತಾಯಿ ಲೈಂಗಿಕ ದೌರ್ಜನ್ಯದ ದೂರು ಕೊಟ್ಟಳು. ಪೊಲೀಸರು ಇತರ ಪೋಷಕರಿಗೆಲ್ಲ ಪತ್ರ ಬರೆದು ನಿಮ್ಮ ಮಕ್ಕಳನ್ನೂ ಕೇಳಿ ಎಂದರು. ನೂರಾರು ಮಕ್ಕಳನ್ನು ಮತ್ತೆ ಮತ್ತೆ, ಉತ್ತರ ಬಾಯಿಗೆ ತುರುಕುವಂತೆ ಪ್ರಶ್ನಿಸಲಾಯಿತು. ಶಾಲೆಯ ಕೆಳಗೆ ಸುರಂಗವಿದೆ ಎಂಬ ಮಾತು ಹುಟ್ಟಿತು. ಪೋಷಕರೇ ಜಾಗ ಅಗೆದರು. ಏಳು ಜನರ ಮೇಲೆ ಆರೋಪ ಬಂತು, ಅವರಲ್ಲಿ ಆರು ಜನ ಹೆಂಗಸರು. 1990ರಲ್ಲಿ ಎಲ್ಲ ಮುಗಿದಾಗ ಒಬ್ಬರ ಮೇಲೂ ಅಪರಾಧ ಸಾಬೀತಾಗಿರಲಿಲ್ಲ. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಶಿಶುವಿಹಾರದ ಪೀಟರ್ ಎಲ್ಲಿಸ್‌ಗೆ 1993ರಲ್ಲಿ ಶಿಕ್ಷೆಯಾಯಿತು. 2022ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿತು. ಅಷ್ಟರಲ್ಲಿ ಅವನು ಸತ್ತು ಮೂರು ವರ್ಷವಾಗಿತ್ತು.

ಇವುಗಳಿಂದ ತನಿಖೆಯ ರೀತಿಯೇ ಬದಲಾಯಿತು. ಮಗುವನ್ನು ತರಬೇತಿ ಪಡೆದವರು, ಆದಷ್ಟು ಕಡಿಮೆ ಸಲ, ಮುಕ್ತ ಪ್ರಶ್ನೆ ಕೇಳಬೇಕು ಎಂಬುದು ಇಂದು ಒಪ್ಪಿತ ಕ್ರಮ. ‘ಆಂಟಿ ಹೊಡೆದಳಾ?’ ಎಂದು ಹತ್ತು ಸಲ ಕೇಳಿದರೆ ಹನ್ನೊಂದನೆಯ ಸಲ ಮಗು ಹೌದೆನ್ನುತ್ತದೆ. ‘ಇವತ್ತು ಏನೇನಾಯ್ತು ಹೇಳು ಪುಟ್ಟಾ’ ಎಂದು ಕೇಳಿ ಸುಮ್ಮನಿರುವುದು ಲೇಸು. ಹಾಗೆಂದು ಮಗು ತಾನಾಗಿ ಹೇಳಿದ್ದನ್ನು ತಳ್ಳಿಹಾಕಲೂಬಾರದು.

ಅನುಮಾನ ಬಂದರೆ ಏನು ಮಾಡಬೇಕು?

ಮೊದಲು ವೈದ್ಯರಿಗೆ ತೋರಿಸಿ ದಾಖಲೆ ಪಡೆಯಿರಿ. ಸಿಸಿಟಿವಿಯ ಮೂಲ ದೃಶ್ಯವನ್ನು ಅಳಿಸದೆ ಇಡುವಂತೆ ಡೇ ಕೇರ್‌ಗೆ ಆ ದಿನವೇ ಲಿಖಿತವಾಗಿ ತಿಳಿಸಿ, ಏಕೆಂದರೆ ರೆಕಾರ್ಡರಿನಲ್ಲಿ ಜಾಗ ತುಂಬಿದಾಗ ಹಳೆಯದರ ಮೇಲೆ ಹೊಸದು ಬರೆಯಲ್ಪಡುತ್ತದೆ. 1098ಕ್ಕೆ ಅಥವಾ ಪೊಲೀಸರಿಗೆ ತಿಳಿಸಿ. 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ, ಮಗುವಿನ ಆರೈಕೆಯ ಹೊಣೆ ಹೊತ್ತ ಸಂಸ್ಥೆಯ ನೌಕರರು ಕ್ರೌರ್ಯ ಎಸಗಿದರೆ ಐದು ವರ್ಷದವರೆಗೆ ಕಠಿಣ ಸಜೆ, ಐದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಲೈಂಗಿಕ ದೌರ್ಜನ್ಯದ ಅನುಮಾನವಿದ್ದರೆ 2012ರ ಪೋಕ್ಸೊ ಕಾಯ್ದೆಯಂತೆ ತಿಳಿಸುವುದು ಕಡ್ಡಾಯ. ದೃಶ್ಯವನ್ನು ವಾಟ್ಸಾಪಿನಲ್ಲಿ ಮಾತ್ರ ಹಂಚಬೇಡಿ. ಮಗುವಿನ ಗುರುತು ಬಯಲು ಮಾಡುವುದೇ ಅಪರಾಧ, ಸಾಲದ್ದಕ್ಕೆ ತಪ್ಪಿಲ್ಲದ ಒಬ್ಬ ಹೆಂಗಸಿನ ಅನ್ನಕ್ಕೂ ಕಲ್ಲು ಬೀಳಬಹುದು.

ಇಷ್ಟರ ಮೇಲೆ ನನಗೆ ಮುಖ್ಯವೆನಿಸಿದ್ದು ಕಾನೂನಿನಲ್ಲೇ ಇರುವ ಒಂದು ಸಣ್ಣ ಸಾಲು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ, 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಶಿಶುವಿಹಾರ ಒದಗಿಸಬೇಕೆಂದಿತು. ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿ ಬರಬಹುದು ಎಂದೂ ಹೇಳಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಆ ಸಾಲು ಉಳಿದಿದೆ. ಹೇಳದೆ ಕೇಳದೆ ತಾಯಿ ಬಂದು ಹೋಗುವ ಜಾಗದಲ್ಲಿ ಪತ್ತೇದಾರನಿಗೆ ಹೆಚ್ಚು ಕೆಲಸವಿರುವುದಿಲ್ಲ. ನಮ್ಮಲ್ಲಿ ಎಷ್ಟು ಜನ ನಮ್ಮ ಕಂಪನಿಯ ಎಚ್‌ಆರ್ ಬಳಿ ಈ ಹಕ್ಕನ್ನು ಕೇಳಿದ್ದೇವೆ?

ಡೇ ಕೇರ್ ಆರಿಸುವಾಗಲೂ ಕ್ಯಾಮೆರಾ ಎಷ್ಟಿದೆ ಎಂದು ಕೇಳುವ ಮೊದಲು ಎರಡು ಪ್ರಶ್ನೆ ಕೇಳೋಣ. ಒಬ್ಬ ಆಯಾ ಎಷ್ಟು ಮಕ್ಕಳನ್ನು ನೋಡಿಕೊಳ್ಳುತ್ತಾಳೆ? ಅವಳಿಗೆ ಸಂಬಳ ಎಷ್ಟು, ವಾರಕ್ಕೆ ರಜೆ ಎಷ್ಟು? ಹಲವು ಕೂಸುಗಳನ್ನು ಒಬ್ಬಳೇ ಹನ್ನೊಂದು ಗಂಟೆ ಸಂಭಾಳಿಸುವವಳ ಮಗು ಅದೇ ಹೊತ್ತಿನಲ್ಲಿ ಯಾರ ಕೈಯಲ್ಲಿದೆ? ಗಿರಣಿಯ ತಾಯಿಗೆ ನೂರು ವರ್ಷದ ಹಿಂದೆ ಇದ್ದ ಕಷ್ಟ ಇಂದು ನಮ್ಮ ಮಕ್ಕಳನ್ನು ಎತ್ತಿ ಆಡಿಸುವವಳಿಗೂ ಇರಬಹುದು. ಕರ್ನಾಟಕದಲ್ಲಿ ಉದ್ಯೋಗ ಖಾತ್ರಿ ಕೆಲಸದ ತಾಯಂದಿರಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳು ತೆರೆದಿವೆ. ನಗರದ ಆಯಾಳ ಕೂಸಿಗೂ ಅಂಥದ್ದೊಂದು ಮನೆ ಬೇಕು. ನಮ್ಮ ಮಹಿಳಾ ವೇದಿಕೆ ಈ ವರ್ಷ ಸುತ್ತಮುತ್ತಲ ಡೇ ಕೇರ್‌ಗಳ ಮುಂದೆ ಈ ಎರಡು ಪ್ರಶ್ನೆಗಳನ್ನಿಟ್ಟು ಉತ್ತರ ಬರೆದುಕೊಂಡರೆ, ಮುಂದೆ ಚೆನ್ನೈಗೆ ಬರುವ ಹೊಸ ತಾಯಂದಿರಿಗೆ ಅದೇ ದೊಡ್ಡ ಉಪಕಾರ.